ಬಡಿದು ತಿರುಗಿಸುವ ಯಂತ್ರ

ನಾಗಪುರದಿಂದ ಪೂರ್ವಕ್ಕೆ, ಭಂಡಾರಾದತ್ತ ಹೋಗುವ 53ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಮೌದಾ ಎಂಬ ಊರು ಸಿಕ್ಕುತ್ತದೆ. ಕನ್ಹಾನ್ ನದಿಯ ನೆರೆಯ ಈ ತಾಲ್ಲೂಕಿನಲ್ಲಿ 2,320 ಮೆಗಾವಾಟ್ ಸಾಮರ್ಥ್ಯದ ಶಾಖವಿದ್ಯುತ್ ಸ್ಥಾವರವೊಂದುಂಟು. ಆದರೆ ನಮಗಿಲ್ಲಿ ಬೇಕಾದುದು ಹೆದ್ದಾರಿ. ಗುಜರಾತಿನ ಹಜೀರಾದಿಂದ ಒಡಿಶಾದ ಪಾರಾದೀಪದವರೆಗೆ, ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಚಾಚಿರುವ ಈ ರಸ್ತೆಯಲ್ಲಿ ಭಾರ ಹೊತ್ತ ಲಾರಿಗಳು ಹಗಲಿರುಳೂ ಓಡುತ್ತವೆ. ಲಾರಿ ಓಡುವಲ್ಲಿ ಚಕ್ರ ಕಳಚಿ ಹಾಕುವ ಕೆಲಸ ತಪ್ಪಿದ್ದಲ್ಲ. ಇಂಥ ದಾರಿಗಳ ಟಯರಿನ ಅಂಗಡಿಗಳಲ್ಲಿಯೂ ನಮ್ಮ ನಗರದ ಗ್ಯಾರೇಜುಗಳಲ್ಲಿಯೂ ಕಿವಿಗಡಚಿಕ್ಕುವಂತೆ ‘ಟರ್ರ್’ ಎಂದು ಸದ್ದು ಮಾಡುವ ಸಲಕರಣೆಯೇ ಇಂಪ್ಯಾಕ್ಟ್ ರೆಂಚು. ಅಂಗಡಿಯವರ ಬಾಯಲ್ಲಿ ಅದು ಬರಿಯ ‘ಗನ್ನು’.

ಮೊಳೆಯೊಂದನ್ನು ಹೆಬ್ಬೆರಳಿನಿಂದ ಎಷ್ಟು ಒತ್ತಿದರೂ ಹಲಗೆಗೆ ಇಳಿಯದು. ಸುತ್ತಿಗೆಯ ಒಂದು ಪೆಟ್ಟಿಗೆ ಇಳಿಯುತ್ತದೆ. ಈ ಯಂತ್ರದ ಗುಟ್ಟೂ ಅದೇ. ಒತ್ತಿ ತುಂಬಿದ ಗಾಳಿ ಒಳಗಿನ ಪುಟ್ಟ ಮೋಟಾರನ್ನು ತಿರುಗಿಸುತ್ತದೆ. ಮೋಟಾರು ಒಂದು ಉಕ್ಕಿನ ಬಡಿಗೆಯನ್ನು ವೇಗವಾಗಿ ಸುತ್ತಿಸಿ, ಸಾಕೆಟ್ಟನ್ನು ಹಿಡಿದ ದಂಡಕ್ಕೆ ಅಪ್ಪಳಿಸುತ್ತದೆ. ಕೂಡಿಟ್ಟ ಶಕ್ತಿಯೆಲ್ಲ ಕ್ಷಣಾರ್ಧದಲ್ಲಿ ನಟ್ಟಿಗೆ ಸೇರುವುದರಿಂದ ತುಕ್ಕು ಹಿಡಿದ ನಟ್ಟೂ ಸಡಿಲುತ್ತದೆ. ಪೆಟ್ಟುಗಳು ಇಷ್ಟು ಚುಟುಕಾಗಿರುವುದರಿಂದಲೇ ಹಿಡಿದವನ ಮಣಿಕಟ್ಟು ತಿರುಚಿಕೊಳ್ಳುವುದಿಲ್ಲ. ಇದು ಅನುಕೂಲವೂ ಹೌದು, ಅಪಾಯವೂ ಹೌದು. ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಬಿಗಿಯುವಾಗ ‘ಇನ್ನು ಸಾಕು’ ಎಂದು ತೋಳು ಹೇಳುತ್ತದೆ. ಗನ್ನು ಹಿಡಿದ ಕೈಗೆ ಆ ಸುದ್ದಿ ಮುಟ್ಟುವುದೇ ಇಲ್ಲ.

‘ಹೆಚ್ಚು ಬಿಗಿದರೆ ಒಳ್ಳೆಯದಲ್ಲವೆ?’ ಎಂದು ನೀವು ಕೇಳಬಹುದು. ಅಲ್ಲ. ನಟ್ಟನ್ನು ಬಿಗಿದಾಗ ಚಕ್ರದ ಸ್ಟಡ್ಡು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ ಸ್ಪ್ರಿಂಗಿನಂತೆ ಅದು ಮರಳಿ ಕುಗ್ಗಲೆಳಸುವುದರಿಂದಲೇ ಚಕ್ರವು ಹಬ್ಬಿಗೆ ಒತ್ತಿ ನಿಲ್ಲುತ್ತದೆ. ಹುಕ್‌ನ ನಿಯಮವನ್ನು ಭೌತಶಾಸ್ತ್ರದಲ್ಲಿ ಓದಿದವರಿಗೆ ಇದು ಹೊಸತಲ್ಲ. ಆದರೆ ಸ್ಥಿತಿಸ್ಥಾಪಕತ್ವದ ಮಿತಿ ಮೀರಿ ಎಳೆದ ಉಕ್ಕು ಮೊದಲಿನ ಉದ್ದಕ್ಕೆ ಮರಳದು. ಅಂಥ ಸ್ಟಡ್ಡು ಹೊರಗೆ ಬಿಗಿಯಾಗಿ ಕಂಡರೂ ಒಳಗೆ ಸೋತಿರುತ್ತದೆ. ಓಟದ ನಡುವೆ ಮುರಿಯಬಹುದು. ಬಿಗಿ ಕಡಮೆಯಾದರೂ ಅಪಾಯವೇ: ಚಕ್ರ ಅಲುಗಾಡಿ ಸ್ಟಡ್ಡುಗಳನ್ನು ಬಗ್ಗಿಸಿ ಕಡಿಯುತ್ತದೆ. ತುಂಬಿದ ಲಾರಿಯಿಂದ ಬಿಡಿಸಿಕೊಂಡು ಉರುಳುವ ಚಕ್ರವು ಎದುರಿಗೆ ಬಂದವರನ್ನು ಕೊಲ್ಲಬಲ್ಲುದು.

ಆದುದರಿಂದ ಗನ್ನು ಕಳಚುವ ಕೆಲಸಕ್ಕೆ ಧಣಿ, ಬಿಗಿಯುವ ಕೆಲಸಕ್ಕೆ ಆಳು ಮಾತ್ರ. ನಟ್ಟನ್ನು ಮೊದಲು ಕೈಯಿಂದಲೇ ಮೂರು ನಾಲ್ಕು ಸುತ್ತು ಏರಿಸಬೇಕು. ಓರೆಯಾಗಿ ಕುಳಿತ ನಟ್ಟನ್ನು ಗನ್ನು ಹಾಗೆಯೇ ನುಗ್ಗಿಸಿ ಮರೆಗಳನ್ನು ಕೆಡಿಸುತ್ತದೆ. ಅನಂತರ ಒಂದರ ಎದುರಿಗೆ ಇನ್ನೊಂದರಂತೆ, ಹಗುರವಾಗಿ ಗನ್ನಿನಿಂದ ಕೂಡಿಸಬೇಕು. ಚಕ್ರ ನೆಲ ಮುಟ್ಟಿದ ಮೇಲೆ ಕೊನೆಯ ಬಿಗಿತ ಟಾರ್ಕ್ ರೆಂಚಿನಿಂದಲೇ ಆಗಬೇಕು. ಭಾರದ ಲಾರಿಯ ನಟ್ಟಿಗೆ ಸಾಮಾನ್ಯವಾಗಿ 600 ನ್ಯೂಟನ್-ಮೀಟರಿನ ಆಸುಪಾಸು ಬೇಕಾಗುತ್ತದೆ. ಅಂದರೆ ಒಂದು ಮೀಟರ್ ಉದ್ದದ ಹಿಡಿಯ ತುದಿಗೆ 60 ಕಿಲೋಗ್ರಾಮಿನಷ್ಟು ಭಾರ. ಕಾರಿಗೆ ಇದರ ಆರನೆಯ ಒಂದು ಪಾಲೂ ಸಾಕಾಗುವುದುಂಟು. ನಿಜವಾದ ಅಂಕಿ ಆಯಾ ವಾಹನದ ಕೈಪಿಡಿಯಲ್ಲಿರುತ್ತದೆ.

ಸಾಕೆಟ್ಟುಗಳಲ್ಲಿಯೂ ಭೇದವುಂಟು. ಕೈಕೆಲಸದ ಹೊಳೆಯುವ ಕ್ರೋಮ್ ಸಾಕೆಟ್ಟು ಪೆಟ್ಟು ತಾಳದೆ ಒಡೆದು ಚೂರುಗಳನ್ನು ಸಿಡಿಸಬಹುದು. ಗನ್ನಿಗೆಂದೇ ಮಾಡಿದ, ದಪ್ಪ ಗೋಡೆಯ ಕಪ್ಪು ಸಾಕೆಟ್ಟನ್ನೇ ಬಳಸಬೇಕು. ನೋಡಲು ಅಂದವಿಲ್ಲದಿದ್ದರೂ ನಂಬಿಕೆಗೆ ಅರ್ಹವಾದುದು ಅದೇ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷೆ ಬೇಕು. ಸಡಿಲವಾದ ತೋಳಿನ ಅಂಗಿ, ಕೊರಳ ಟವೆಲು ಬೇಡ. ಸಾಕೆಟ್ಟು ಬದಲಿಸುವ ಮೊದಲು ಗಾಳಿಯ ಕೊಳವೆಯನ್ನು ಬಿಚ್ಚಬೇಕು. ಗಾಳಿಯ ಒತ್ತಡ ತಯಾರಕರು ಹೇಳಿದ್ದನ್ನು ಮೀರಬಾರದು. ಸಾಮಾನ್ಯವಾಗಿ ಅದು ಚದರ ಅಂಗುಲಕ್ಕೆ 90 ಪೌಂಡು. ವರ್ಷಗಟ್ಟಲೆ ದಿನವಿಡೀ ಇದರ ನಡುಕವನ್ನು ತಾಳಿದ ಬೆರಳುಗಳು ಜೋಮು ಹಿಡಿದು ಬಿಳಿಚಿಕೊಳ್ಳುವ ರೋಗವೂ ಇದೆ; ಆದಕಾರಣ ಕೆಲಸದ ನಡುವೆ ಬಿಡುವು ಬೇಕು.

ಹೊಸದಾಗಿ ಕೂಡಿಸಿದ ಚಕ್ರ ಸ್ವಲ್ಪ ದೂರ ಓಡಿದ ಮೇಲೆ ತನ್ನ ಜಾಗದಲ್ಲಿ ನೆಲೆಗೊಳ್ಳುತ್ತದೆ; ಆಗ ಬಿಗಿತ ತುಸು ಇಳಿಯುವುದು ಸಹಜ. ಹೀಗಾಗಿ 50ರಿಂದ 100 ಕಿಲೋಮೀಟರಿನೊಳಗೆ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಬೇಕು. ಮೌದಾದಲ್ಲಿ ಚಕ್ರ ಹಾಕಿಸಿಕೊಂಡು ರಾಯಪುರಕ್ಕೆ ಹೊರಟ ಚಾಲಕನು ಭಂಡಾರಾ ದಾಟಿ, ಸಾಕೋಲಿಯಲ್ಲಿ ಚಹಾಕ್ಕೆಂದು ನಿಂತಾಗ ಈ ಕೆಲಸವನ್ನು ಮುಗಿಸಿಕೊಳ್ಳಬಹುದು.