ಹೊಲದ ಮೇಲೆ ರಾಮದಾಸ ಹದ್ದು

ಗದಗ ಸೀಮೆಯ ಎರೆಹೊಲಗಳ ದಾರಿಯಲ್ಲಿ ಹೋಗುವಾಗ ಕರೆಂಟ್ ತಂತಿಯ ಮೇಲೆ ರಾಮದಾಸ ಹದ್ದು ಕಂಡರೆ ನಾನು ಗಾಡಿ ನಿಲ್ಲಿಸದೆ ಮುಂದೆ ಹೋಗಲಾರೆ. ಕಾಗೆಗಿಂತ ಚಿಕ್ಕದು, ಕೊಕ್ಕಿನಿಂದ ಬಾಲದ ತುದಿಗೆ ಸುಮಾರು 35 ಸೆಂ.ಮೀ. ಬೂದು ಬೆನ್ನು, ಅಚ್ಚ ಬಿಳಿ ಎದೆ, ಹೆಗಲ ಮೇಲೆ ಕರಿ ಪಟ್ಟೆ, ಕಾಡಿಗೆ ತೀಡಿದಂಥ ಹುಬ್ಬಿನ ಕೆಳಗೆ ಕೆಂಪು ಕಣ್ಣು.

ಇದರ ಬೇಟೆಯನ್ನು ನೋಡಬೇಕು. ಹಾರುತ್ತಲೇ ಗಾಳಿಗೆ ಎದುರಾಗಿ ಒಂದೇ ಕಡೆ ನಿಂತುಬಿಡುತ್ತದೆ. ರೆಕ್ಕೆ ಪಟಪಟ ಬಡಿಯುತ್ತಿದ್ದರೂ ತಲೆ ಅಲುಗದು. ದೃಷ್ಟಿಯೆಲ್ಲ ಜೋಳದ ಕೂಳೆಗಳ ನಡುವಿನ ಇಲಿಯ ಮೇಲೆ. ಕಾಲು ಇಳಿಬಿಟ್ಟು, ರೆಕ್ಕೆ ಮೇಲೆತ್ತಿ, ಹಂತಹಂತವಾಗಿ ಕೆಳಗಿಳಿದು ಕೊನೆಗೆ ಎರಗುತ್ತದೆ. ಮಿಡತೆ, ಓತಿಕ್ಯಾತವನ್ನೂ ಬಿಡುವುದಿಲ್ಲ. ಮುಂಜಾನೆ, ಸಂಜೆ ಇನ್ನೂ ಚುರುಕು.

ದಟ್ಟ ಕಾಡು ಇದಕ್ಕೆ ಒಗ್ಗದು. ಬಯಲು, ಹೊಲ, ಕುರುಚಲು ಬೇಕು. ಜಾಲಿಯಂಥ ಮರಗಳಲ್ಲಿ ಕಡ್ಡಿಗಳ ಗೂಡು ಕಟ್ಟಿ ಸಾಮಾನ್ಯವಾಗಿ 3–4 ಮೊಟ್ಟೆ ಇಡುತ್ತದೆ. ಹೆಣ್ಣು ಕಾವು ಕೂತಾಗ ಗಂಡು ಇಲಿ ಹಿಡಿದು ತಂದುಕೊಡುತ್ತದೆ.

ವಿಷವುಂಡ ಇಲಿ ತಿಂದರೆ ಹದ್ದಿಗೂ ಅಪಾಯ. ರೈತಬಂಧುಗಳೇ, ಪಾಷಾಣ ಇಡುವ ಮುನ್ನ ಒಮ್ಮೆ ತಂತಿಯತ್ತ ನೋಡಿ. ಬದುವಿನ ಜಾಲಿಮರವನ್ನು ದಯವಿಟ್ಟು ಕಡಿಯಬೇಡಿ.