ಪರನಾಡಿನ ಅಂಗಳಗಳಲ್ಲಿ

ಕ್ರೀಡಾಲೋಕದಲ್ಲಿ ಕೀರ್ತಿಯು ಎಲ್ಲರಿಗೂ ಸಮನಾಗಿ ಒಲಿಯುವುದಿಲ್ಲ. ಗೆದ್ದು ಬಂದವರ ಹೆಸರು ಪತ್ರಿಕೆಗಳಲ್ಲಿ ಮೆರೆಯುತ್ತದೆ. ಅವರ ಭಾವಚಿತ್ರಗಳು ಮನೆಮನೆಯ ಗೋಡೆಗಳನ್ನು ಅಲಂಕರಿಸುತ್ತವೆ. ಆದರೆ ಅದೇ ಆಟವನ್ನು ಅಷ್ಟೇ ಶ್ರದ್ಧೆಯಿಂದ ಕಲಿತು, ಅದನ್ನೇ ಜೀವನೋಪಾಯವಾಗಿ ನೆಚ್ಚಿಕೊಂಡು, ಇಂದು ಒಂದು ಊರು, ನಾಳೆ ಇನ್ನೊಂದು ಊರು ಎಂದು ಗಂಟುಮೂಟೆ ಕಟ್ಟಿಕೊಂಡು ತಿರುಗುವ ಆಟಗಾರರೂ ಇದ್ದಾರೆ. ಅವರ ಬಾಳು ಎಂತಹುದು? ತಾಯ್ನಾಡಿನಲ್ಲಿ ಎಡೆ ದೊರೆಯದೆ ಪರನಾಡಿಗೆ ಹೋಗಿ ಆಡುವವನಿಗೆ ಆಟವು ಏನನ್ನು ಕೊಡುತ್ತದೆ, ಅವನಿಂದ ಏನನ್ನು ಕೇಳುತ್ತದೆ? ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಜೋ ಬ್ರಯಂಟ್ ಅವರ ಜೀವನ ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಶಾಲೆಯೊಂದರ ವ್ಯಾಯಾಮ ಮಂದಿರದಲ್ಲಿ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು, ಚಳಿಗಾಲದಲ್ಲಿ ಹೊರಗೆ ಆಡಲಾಗದ ವಿದ್ಯಾರ್ಥಿಗಳಿಗಾಗಿ, ಹಣ್ಣಿನ ಬುಟ್ಟಿಗಳೆರಡನ್ನು ಹತ್ತು ಅಡಿ ಎತ್ತರದಲ್ಲಿ ತೂಗುಹಾಕಿ, ಹದಿಮೂರು ನಿಯಮಗಳನ್ನು ಬರೆದು ಈ ಆಟವನ್ನು ಆರಂಭಿಸಿದರು. ಅಂದು ಕಾಲ ಕಳೆಯುವ ಸಾಧನವಾಗಿದ್ದ ಆಟವು ಅರ್ಧ ಶತಮಾನದಲ್ಲಿ ದೊಡ್ಡ ವೃತ್ತಿಯಾಗಿ ಬೆಳೆಯಿತು. 1946ರಲ್ಲಿ ಮೊದಲಾದ ವೃತ್ತಿಪರ ಸಂಘಟನೆಯೇ ಇಂದು ಎನ್.ಬಿ.ಎ. ಎಂದು ಜಗತ್ಪ್ರಸಿದ್ಧವಾಗಿದೆ.

ಆದರೆ ಈ ಸಂಘಟನೆಯ ಬಾಗಿಲು ಬಹಳ ಕಿರಿದು. 1980ರ ದಶಕದ ಆರಂಭದಲ್ಲಿ ಅದರಲ್ಲಿದ್ದುದು 23 ತಂಡಗಳು. ತಂಡಕ್ಕೆ ಹನ್ನೆರಡು ಮಂದಿಯಂತೆ ಲೆಕ್ಕ ಹಾಕಿದರೆ ಒಟ್ಟು 276 ಸ್ಥಾನಗಳು ಮಾತ್ರ. ಅಷ್ಟು ದೊಡ್ಡ ದೇಶದ ನೂರಾರು ಕಾಲೇಜುಗಳಿಂದ ವರ್ಷವರ್ಷವೂ ಹೊಸ ಆಟಗಾರರು ಹೊರಬರುತ್ತಿರಲು, ಹಳಬನೊಬ್ಬ ತುಸು ಹಿಂದೆ ಬಿದ್ದರೂ ಅವನ ಸ್ಥಾನ ಇನ್ನೊಬ್ಬನ ಪಾಲಾಗುತ್ತದೆ. ಹಾಗೆ ಸ್ಥಾನ ಕಳೆದುಕೊಂಡವನ ಮುಂದೆ ಎರಡೇ ದಾರಿಗಳು: ಆಟವನ್ನು ಬಿಡುವುದು, ಇಲ್ಲವೆ ಕಡಲು ದಾಟುವುದು.

ಜೋ ಬ್ರಯಂಟ್ ಹುಟ್ಟಿದ್ದು 1954ರಲ್ಲಿ, ಫಿಲಡೆಲ್ಫಿಯಾ ನಗರದಲ್ಲಿ. ಅದೇ ನಗರದ ಲಾ ಸಾಲ್ ಕಾಲೇಜಿನ ತಂಡದಲ್ಲಿ ಹೆಸರು ಗಳಿಸಿ, 1975ರಲ್ಲಿ ತಮ್ಮ ಊರಿನ ವೃತ್ತಿಪರ ತಂಡವನ್ನೇ ಸೇರಿದರು. ಅವರ ಎತ್ತರ 6 ಅಡಿ 9 ಅಂಗುಲ. ಅಂತಹ ಎತ್ತರದವರು ಬುಟ್ಟಿಯ ಕೆಳಗೆ ನಿಂತು ಚೆಂಡಿಗಾಗಿ ಸೆಣಸಬೇಕೆಂಬುದು ಅಂದಿನ ವಾಡಿಕೆ. ಬ್ರಯಂಟರಿಗೋ ಚೆಂಡನ್ನು ಪುಟಿಸುತ್ತ ಅಂಗಳದ ಉದ್ದಕ್ಕೂ ಓಡುವುದರಲ್ಲಿ, ದೂರದಿಂದ ಗುರಿಯಿಟ್ಟು ಎಸೆಯುವುದರಲ್ಲಿ ಒಲವು. ಅವರ ಆಟ ತಂಡಗಳ ಅಚ್ಚಿಗೆ ಸರಿಯಾಗಿ ಹೊಂದಲಿಲ್ಲ. ಫಿಲಡೆಲ್ಫಿಯಾದಿಂದ ಸ್ಯಾನ್ ಡಿಯಾಗೊ, ಅಲ್ಲಿಂದ ಹ್ಯೂಸ್ಟನ್ ಎಂದು ಎಂಟು ವರ್ಷಗಳಲ್ಲಿ ಮೂರು ತಂಡಗಳನ್ನು ಕಂಡರು. 606 ಪಂದ್ಯಗಳಲ್ಲಿ ಪಂದ್ಯಕ್ಕೆ ಸರಾಸರಿ 8.7 ಅಂಕಗಳನ್ನು ಗಳಿಸಿದರು. ಇದು ಹೀನಾಯವೂ ಅಲ್ಲ, ಅಸಾಧಾರಣವೂ ಅಲ್ಲ. 1982-83ರಲ್ಲಿ ಹ್ಯೂಸ್ಟನ್ ತಂಡವು ಆಡಿದ 82 ಪಂದ್ಯಗಳಲ್ಲಿ ಗೆದ್ದುದು ಹದಿನಾಲ್ಕನ್ನು ಮಾತ್ರ. ಆ ವರ್ಷದೊಂದಿಗೆ ತಾಯ್ನಾಡಿನಲ್ಲಿ ಅವರ ವೃತ್ತಿ ಮುಗಿಯಿತು. ಆಗ ಅವರಿಗೆ ಮೂವತ್ತು ಕೂಡ ತುಂಬಿರಲಿಲ್ಲ. ಮಡದಿ ಮತ್ತು ಮೂವರು ಎಳೆಯ ಮಕ್ಕಳ ಹೊಣೆ ಹೆಗಲ ಮೇಲಿತ್ತು.

1984ರಲ್ಲಿ ಬ್ರಯಂಟರು ಸಂಸಾರ ಸಮೇತ ಇಟಲಿಗೆ ಹೊರಟರು. ಅಲ್ಲಿನ ಬ್ಯಾಸ್ಕೆಟ್‌ಬಾಲ್ ವ್ಯವಸ್ಥೆ ಬೇರೆಯೇ ಬಗೆಯದು. ಪ್ರತಿ ಊರಿಗೂ ತನ್ನದೇ ಆದ ಸಂಘವುಂಟು. ಚೆನ್ನಾಗಿ ಆಡಿದ ತಂಡ ಮೇಲಿನ ಶ್ರೇಣಿಗೆ ಏರುತ್ತದೆ. ಸೋತು ಸೊರಗಿದ ತಂಡ ಕೆಳಗಿನ ಶ್ರೇಣಿಗೆ ಇಳಿಯುತ್ತದೆ. ಅಂದಿನ ನಿಯಮದಂತೆ ತಂಡವೊಂದರಲ್ಲಿ ಇಬ್ಬರು ವಿದೇಶೀಯರಿಗೆ ಮಾತ್ರ ಅವಕಾಶವಿತ್ತು. ಆದುದರಿಂದ ಊರಿನ ನಿರೀಕ್ಷೆಯೆಲ್ಲ ಆ ಇಬ್ಬರ ಮೇಲೆಯೇ ನಿಲ್ಲುತ್ತಿತ್ತು. ಗೆದ್ದರೆ ಅವರು ಊರಿನ ಕಣ್ಮಣಿಗಳು. ಸೋತರೆ ಮೊದಲು ಬೆರಳು ತೋರುವುದೂ ಅವರ ಕಡೆಗೇ. ಒಪ್ಪಂದದ ಅವಧಿ ಸಾಮಾನ್ಯವಾಗಿ ಒಂದೆರಡು ವರ್ಷ ಮಾತ್ರ. ಕಾಲು ಉಳುಕಿದರೆ, ಗುರಿ ತಪ್ಪತೊಡಗಿದರೆ, ಆ ಜಾಗಕ್ಕೆ ಇನ್ನೊಬ್ಬನನ್ನು ಕರೆಸಲು ಸಂಘಗಳು ಹಿಂದೆಮುಂದೆ ನೋಡುತ್ತಿರಲಿಲ್ಲ.

ಆದರೆ ತಾಯ್ನಾಡಿನಲ್ಲಿ ಕೊರತೆಯೆನಿಸಿದ್ದೇ ಇಲ್ಲಿ ಗುಣವಾಯಿತು. ಎತ್ತರದ ಆಟಗಾರನೊಬ್ಬ ದೂರದಿಂದ ಚೆಂಡೆಸೆಯುವುದನ್ನು ಇಟಲಿಯವರು ಆಕ್ಷೇಪಿಸಲಿಲ್ಲ, ಮೆಚ್ಚಿದರು. ದೂರದ ಎಸೆತಕ್ಕೆ ಮೂರು ಅಂಕ ಕೊಡುವ ನಿಯಮವನ್ನು ಅಂತರರಾಷ್ಟ್ರೀಯ ಸಂಸ್ಥೆಯು ಅಂಗೀಕರಿಸಿದ್ದೂ ಅದೇ 1984ರಲ್ಲಿ. ಅಮೆರಿಕದಲ್ಲಿ ಬದಲಿ ಆಟಗಾರನಾಗಿ ಬೆಂಚಿನ ಮೇಲೆ ಕಾಯುತ್ತಿದ್ದವರು ಇಟಲಿಯಲ್ಲಿ ತಂಡದ ಆಧಾರಸ್ತಂಭವಾದರು. ವ್ಯಕ್ತಿಯ ಬೆಲೆಯನ್ನು ಅವನ ಶಕ್ತಿಯೊಂದೇ ಗೊತ್ತುಪಡಿಸುವುದಿಲ್ಲ. ಆ ಶಕ್ತಿಗೆ ಒದಗುವ ನೆಲವೂ ಗೊತ್ತುಪಡಿಸುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಮೊದಲೆರಡು ವರ್ಷ ಅವರು ಆಡಿದ್ದು ರಿಯೇಟಿಯಲ್ಲಿ. ಅದು ರೋಮಿನ ಈಶಾನ್ಯಕ್ಕಿರುವ, ಇಟಲಿಯ ನಾಭಿಯೆಂದು ಪ್ರಾಚೀನರು ಕರೆದ ಪುಟ್ಟ ಪಟ್ಟಣ. ಅನಂತರ ಒಂದು ವರ್ಷ ಸಿಸಿಲಿ ದ್ವೀಪಕ್ಕೆ ಎದುರಾಗಿರುವ ದಕ್ಷಿಣದ ತುದಿಯ ರೆಜ್ಜೋ ಕಲಾಬ್ರಿಯ. ಆಮೇಲೆ ಎರಡು ವರ್ಷ ಟಸ್ಕನಿ ಪ್ರಾಂತದ ಪಿಸ್ತೋಯ. ಮುಂದೆ ಎರಡು ವರ್ಷ ಉತ್ತರದ ಬಯಲಿನಲ್ಲಿರುವ ರೆಜ್ಜೋ ಎಮಿಲಿಯ. ಕಡೆಯದಾಗಿ, ಫ್ರಾನ್ಸಿನ ಮ್ಯುಲೂಸ್. 1984ರಿಂದ 1992ರವರೆಗೆ ಎಂಟು ವರ್ಷಗಳಲ್ಲಿ ಐದು ಊರುಗಳು! ಪ್ರತಿ ಊರಿನಲ್ಲೂ ಹೊಸ ಮನೆ, ಹೊಸ ನೆರೆಹೊರೆ, ಮಕ್ಕಳಿಗೆ ಹೊಸ ಶಾಲೆ. ಗೆಳೆತನ ಬೇರೂರುವ ಹೊತ್ತಿಗೆ ಹೊರಡುವ ಸಮಯ ಬಂದಿರುತ್ತಿತ್ತು. ಇಂತಹ ಬಾಳಿನಲ್ಲಿ ಆಟಗಾರನೊಬ್ಬನೇ ದುಡಿಯುವುದಲ್ಲ. ಇಡೀ ಸಂಸಾರವೇ ಅವನೊಡನೆ ದುಡಿಯಬೇಕಾಗುತ್ತದೆ.

ಈ ಅಲೆದಾಟದಿಂದ ಮಕ್ಕಳಿಗೆ ನಷ್ಟವಾಯಿತೆ? ‘ದೇಶ ಸುತ್ತು, ಕೋಶ ಓದು’ ಎಂಬ ನಾಣ್ಣುಡಿಯ ಮೊದಲರ್ಧವು ಅವರ ಪಾಲಿಗೆ ಬಾಲ್ಯದಲ್ಲಿಯೇ ಒದಗಿತು. ಕಿರಿಯ ಮಗನಿಗೆ ಇಟಲಿಗೆ ಬಂದಾಗ ಆರು ವರ್ಷ. ಶಾಲೆಯಲ್ಲಿ ಅವನು ಇಟಲಿಯ ಭಾಷೆಯನ್ನು ಮಾತೃಭಾಷೆಯಂತೆ ಕಲಿತನು. ಬೀದಿಯ ಹುಡುಗರೊಡನೆ ಫುಟ್‌ಬಾಲ್ ಆಡಿದನು. ತಂದೆಯ ಪಂದ್ಯಗಳ ವಿರಾಮದಲ್ಲಿ ಅಂಗಳಕ್ಕೆ ಇಳಿದು ಬುಟ್ಟಿಗೆ ಚೆಂಡೆಸೆದು ಪ್ರೇಕ್ಷಕರಿಗೆ ವಿನೋದವನ್ನುಂಟುಮಾಡಿದನು. ಅಜ್ಜ ಅಜ್ಜಿಯರು ಅಮೆರಿಕದ ಪಂದ್ಯಗಳ ವಿಡಿಯೋ ಸುರುಳಿಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದರು. ಅವನ್ನು ಮತ್ತೆ ಮತ್ತೆ ನೋಡಿ ದೊಡ್ಡ ಆಟಗಾರರ ನಡೆಗಳನ್ನು ಅಭ್ಯಾಸ ಮಾಡಿದನು. ಆ ಬಾಲಕನೇ ಕೋಬಿ ಬ್ರಯಂಟ್. 1996ರಲ್ಲಿ, ಹದಿನೆಂಟರ ಹರೆಯದಲ್ಲಿ ಎನ್.ಬಿ.ಎ. ಸೇರಿ, ಐದು ಬಾರಿ ಚಾಂಪಿಯನ್ ತಂಡದಲ್ಲಿದ್ದು, 33,643 ಅಂಕಗಳನ್ನು ಗಳಿಸಿ, 2016ರಲ್ಲಿ ಅವರು ನಿವೃತ್ತರಾದರು. ತಂದೆ ಆಡಿದ್ದು ಒಟ್ಟು ಎಂಟು ತಂಡಗಳಿಗೆ. ಮಗ ಇಪ್ಪತ್ತು ವರ್ಷವೂ ಆಡಿದ್ದು ಲಾಸ್ ಏಂಜಲೀಸಿನ ಒಂದೇ ತಂಡಕ್ಕೆ!

ಆಟ ನಿಂತ ಮೇಲೆ ಜೋ ಬ್ರಯಂಟರು ತರಬೇತುದಾರರಾದರು. ತಾವು ಕಲಿತ ಕಾಲೇಜಿನಲ್ಲಿ, ಮುಂದೆ ಲಾಸ್ ಏಂಜಲೀಸಿನ ಮಹಿಳಾ ತಂಡದಲ್ಲಿ, ಜಪಾನಿನ ಟೋಕಿಯೋದಲ್ಲಿ ಅವರು ಆಟವನ್ನು ಕಲಿಸಿದರು. ಪರನಾಡು ಅವರಿಗೆ ಮತ್ತೆ ಕರೆಯಿತ್ತಿತು. ಅವರು ಮತ್ತೆ ಹೊರಟರು. ಆದರೆ ಬಾಳಿನ ಕೊನೆಯಲ್ಲಿ ದೊಡ್ಡ ದುಃಖವೊಂದು ಕಾದಿತ್ತು. 2020ರ ಜನವರಿ 26ರಂದು ಕೋಬಿಯವರೂ ಅವರ ಹದಿಮೂರು ವರ್ಷದ ಮಗಳೂ ಹೆಲಿಕಾಪ್ಟರ್ ದುರಂತದಲ್ಲಿ ಮಡಿದರು. ಅಂದು ರೆಜ್ಜೋ ಎಮಿಲಿಯದ ಜನ ತಮ್ಮ ಮನೆಯ ಮಗನನ್ನೇ ಕಳೆದುಕೊಂಡವರಂತೆ ಮರುಗಿದರು. ತಂದೆ ಮಗಳಿಬ್ಬರ ಹೆಸರನ್ನು ತಮ್ಮ ಊರಿನ ಚೌಕವೊಂದಕ್ಕೆ ಇಟ್ಟರು. ಎರಡೇ ವರ್ಷ ಬೀಡುಬಿಟ್ಟಿದ್ದ ಪರದೇಶಿ ಸಂಸಾರವೊಂದನ್ನು ಆ ಊರು ಮೂವತ್ತು ವರ್ಷಗಳ ಅನಂತರವೂ ಮರೆತಿರಲಿಲ್ಲ. ಜೋ ಬ್ರಯಂಟರು 2024ರ ಜುಲೈಯಲ್ಲಿ, ತಮ್ಮ 69ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಕೋಬಿಯವರ ಕೀರ್ತಿಯ ಬೆಳಕಿನಲ್ಲಿ ತಂದೆಯ ಹೆಸರು ಮಸುಕಾಗಿ ಕಾಣುವುದು ಸಹಜ. ಆದರೆ ಮಗ ಅಷ್ಟು ದೊಡ್ಡವನಾಗದೆ ಹೋಗಿದ್ದರೂ ತಂದೆಯ ದುಡಿಮೆಯ ಬೆಲೆ ಕಡಿಮೆಯಾಗುತ್ತಿರಲಿಲ್ಲ. ತನ್ನ ನಾಡು ‘ಸಾಕು’ ಎಂದಾಗ ಎದೆಗುಂದದೆ, ತನಗೆ ಬಲ್ಲ ವಿದ್ಯೆಯನ್ನು ಹೊತ್ತು ಅರಿಯದ ಊರಿಗೆ ಹೋಗಿ, ಅರಿಯದ ಭಾಷೆಯ ಜನರ ನಡುವೆ ಗೌರವದಿಂದ ಅನ್ನ ಸಂಪಾದಿಸುವುದು ಸಣ್ಣ ಸಾಧನೆಯಲ್ಲ. ಶಿಖರವನ್ನೇರಿದವರನ್ನು ಜಗತ್ತು ಕೊಂಡಾಡುತ್ತದೆ. ನಡುದಾರಿಯಲ್ಲಿಯೇ ಬಾಳೆಲ್ಲ ನಡೆದರೂ ನಡಿಗೆಯನ್ನು ನಿಲ್ಲಿಸದವರು ಕೂಡ ಗೌರವಕ್ಕೆ ಪಾತ್ರರೇ.