ಎರಡು ತಿಪ್ಪಸಂದ್ರಗಳ ನಡುವೆ

ಲಕೋಟೆಯ ಮೇಲೆ ಬರಿದೇ 'ತಿಪ್ಪಸಂದ್ರ' ಎಂದು ಬರೆದು ಅಂಚೆಪೆಟ್ಟಿಗೆಗೆ ಹಾಕಿದರೆ ಅದು ಯಾವ ಊರಿಗೆ ಹೋಗಬೇಕು? ಬೆಂಗಳೂರಿನ ಪೂರ್ವಭಾಗದಲ್ಲಿ, ಎಚ್.ಎ.ಎಲ್. ಕಾರ್ಖಾನೆಗೆ ಸಮೀಪದಲ್ಲಿ, ಅಂಗಡಿಸಾಲುಗಳಿಂದಲೂ ಮಹಡಿಮನೆಗಳಿಂದಲೂ ಕಿಕ್ಕಿರಿದ ಹೊಸ ತಿಪ್ಪಸಂದ್ರವೊಂದಿದೆ. ಅದೇ ಬೆಂಗಳೂರಿನಿಂದ ಪಶ್ಚಿಮಕ್ಕೆ ಹೊರಟು ಮಾಗಡಿಯನ್ನು ದಾಟಿದರೆ, ರಾಗಿಹೊಲ ಮಾವಿನತೋಪುಗಳ ಸೀಮೆಯಲ್ಲಿ ಹೋಬಳಿ ಕೇಂದ್ರವಾಗಿರುವ ಮತ್ತೊಂದು ತಿಪ್ಪಸಂದ್ರವಿದೆ. 'ಸಂದ್ರ'ವೆಂಬುದು 'ಸಮುದ್ರ'ದ ಆಡುರೂಪ. ನಮ್ಮ ಹಿರಿಯರು ದೊಡ್ಡ ಕೆರೆಯನ್ನು ಸಮುದ್ರವೆಂದೇ ಗೌರವದಿಂದ ಕರೆದು ಅದರ ದಡದ ಊರಿಗೂ ಆ ಹೆಸರನ್ನೇ ಇಟ್ಟರು. ಬೊಮ್ಮಸಂದ್ರ, ದೊಮ್ಮಸಂದ್ರಗಳೂ ಹೀಗೆಯೇ ಹುಟ್ಟಿದ ಹೆಸರುಗಳು. ಎಂದರೆ ಹೆಸರಿನ ಮಟ್ಟಿಗೆ ಎರಡು ತಿಪ್ಪಸಂದ್ರಗಳೂ ಕೆರೆಯಂಚಿನ ಹಳ್ಳಿಗಳೇ. ಒಂದನ್ನು ನಗರವು ತನ್ನೊಳಗೆ ಸೇರಿಸಿಕೊಂಡಿತು. ಇನ್ನೊಂದು ನಗರದ ಬರವನ್ನು ದೂರದಿಂದ ನೋಡುತ್ತ ಕುಳಿತಿದೆ.

ಹಳ್ಳಿಯ ಬಾಳು ಲೇಸೋ, ಪಟ್ಟಣದ ಬಾಳು ಲೇಸೋ ಎಂಬ ಚರ್ಚೆ ನಮ್ಮ ಕುಟುಂಬಗಳಲ್ಲಿ ಹೊಸದೇನೂ ಅಲ್ಲ. ಮದುವೆಯ ಊಟ ಮುಗಿದ ಮೇಲೆ, ಊರಹಬ್ಬದ ತೇರು ಗುಡಿ ಸೇರಿದ ಮೇಲೆ, ಚಪ್ಪರದ ನೆರಳಿನಲ್ಲಿ ಕುಳಿತ ನೆಂಟರ ನಡುವೆ ಆ ಮಾತು ಬಂದೇ ಬರುತ್ತದೆ. ಪಟ್ಟಣದಿಂದ ಬಂದವರು ಊರಿನ ಗಾಳಿಯನ್ನು ಹೊಗಳುತ್ತಾರೆ, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾರೆ. ಊರಲ್ಲಿರುವವರು ಪಟ್ಟಣದ ಸಂಬಳವನ್ನು ಹೊಗಳುತ್ತಾರೆ, ಮರುದಿನ ಬೆಳಿಗ್ಗೆ ಹಾಲು ಕರೆಯಲು ಏಳುತ್ತಾರೆ. ಹೊಗಳಿಕೆ ಎರಡು ಕಡೆಯೂ ಅಗ್ಗವೇ. ಆದರೆ ಈ ಚರ್ಚೆಯು ಇಂದು ಅನೇಕ ಮನೆಗಳಲ್ಲಿ ಬರಿಯ ಮಾತಾಗಿ ಉಳಿದಿಲ್ಲ.

ನಮ್ಮಲ್ಲಿ ಹಲವರ ಮನೆಯ ಕಥೆಯನ್ನು ಒಂದಾಗಿ ಹೇಳುವುದಾದರೆ ಅದು ಹೀಗಿದೆ. ವಯಸ್ಸಾದ ತಂದೆ, ಮಂಡಿನೋವಿನ ತಾಯಿ, ಎರಡು ಎಕರೆ ಹೊಲ, ಎರಡು ಹಸು. ಮಕ್ಕಳು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಹೊಲಕ್ಕೆ ಒಳ್ಳೆಯ ಬೆಲೆ ಕೊಡುತ್ತೇವೆಂದು ಬಡಾವಣೆ ಮಾಡುವವರು ಬಂದು ಹೋಗಿದ್ದಾರೆ. "ಮಾರಿಬಿಡೋಣ ಅಪ್ಪಾ, ನೀವೂ ಅವ್ವನೂ ನಮ್ಮ ಜೊತೆಗೆ ಬಂದುಬಿಡಿ" ಎನ್ನುತ್ತಾನೆ ಮಗ. ಅವನ ಮಾತಿನಲ್ಲಿ ಲೋಭವಿಲ್ಲ, ಕಾಳಜಿಯೇ ಇದೆ. ತಂದೆ ಉತ್ತರ ಕೊಡದೆ ಹಟ್ಟಿಯ ಕಡೆಗೆ ನಡೆಯುತ್ತಾರೆ. ಆ ಮೌನಕ್ಕೆ ಕಾರಣವೇನೆಂಬುದನ್ನು ನಾವು ವಿಚಾರಿಸಬೇಕಾಗಿದೆ.

ಹೊಲ ಹೇಳುವ ಕಾಲ

ಮಾಗಡಿ ಸೀಮೆಯ ಒಕ್ಕಲಿಗೆ ಹೊಲವೇ ಪಂಚಾಂಗ. ಮುಂಗಾರು ಹದಗೊಂಡಾಗ ರಾಗಿ ಬಿತ್ತನೆ, ಅದರ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಚಳಿ ಮೂಡುವ ಹೊತ್ತಿಗೆ ಕೊಯ್ಲು, ಮೆದೆ, ಕಣ. ಕ್ರಿಸ್ಮಸ್ ಹಬ್ಬದ ಆಸುಪಾಸಿನಲ್ಲಿ ಮಂಜು ಕುಡಿದ ಸೊಗಡವರೆಯ ಕಾಯಿ. ಮಾಗಡಿಯ ಅವರೆಯೆಂದರೆ ಬೆಂಗಳೂರಿನ ಪೇಟೆಗಳಲ್ಲಿ ಇಂದಿಗೂ ಮರ್ಯಾದೆ. ಹಿಪ್ಪುನೇರಳೆಯ ತೋಟವುಳ್ಳವರ ಮನೆಯಲ್ಲಿ ರೇಷ್ಮೆಹುಳುವಿನದೇ ದರ್ಬಾರು. ನಾಲ್ಕು ಜ್ವರಗಳನ್ನು ಕಳೆದು, ಸೊಪ್ಪು ತಿಂದು ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಒಯ್ಯುವ ತನಕ ಮನೆಯವರಿಗೆ ನಿದ್ದೆಯಿಲ್ಲ. ಆದರೆ ಸುಮಾರು ಒಂದು ತಿಂಗಳ ದುಡಿಮೆಗೆ ಕೈಯಲ್ಲಿ ಹಣ ಕಾಣಿಸುವ ಬೆಳೆ ಅದು. ದಿನದ ಖರ್ಚನ್ನು ಹಾಲಿನ ಡೇರಿ ನೋಡಿಕೊಳ್ಳುತ್ತದೆ.

ಇಂಥ ಬದುಕಿನಲ್ಲಿ ಎಪ್ಪತ್ತು ದಾಟಿದವರಿಗೂ ಒಂದು ಕೆಲಸವಿರುತ್ತದೆ. ಕಣ ಕಾಯುವುದು, ಕರುವಿಗೆ ಹುಲ್ಲು ಹಾಕುವುದು, ಅವರೆಕಾಯಿ ಸುಲಿಯುವುದು. ಅವರ ಮಾತನ್ನು ಕೇಳಲು ಜಗಲಿಗೆ ಯಾರಾದರೂ ಬರುತ್ತಾರೆ. ಸಾವು ಸಂಭವಿಸಿದರೆ ಬೀದಿಗೆ ಬೀದಿಯೇ ಒಲೆ ಆರಿಸಿ ಅಂಗಳಕ್ಕೆ ಬಂದು ನಿಲ್ಲುತ್ತದೆ. ಮಗನ ಬಾಡಿಗೆ ಮನೆಯ ಮೂರನೆಯ ಮಹಡಿಯಲ್ಲಿ ಊಟ, ಔಷಧ, ಟಿ.ವಿ. ಎಲ್ಲವೂ ಇರುತ್ತವೆ, 'ಇದು ನನ್ನಿಂದ ಆಗಬೇಕಾದ ಕೆಲಸ' ಎನ್ನುವಂಥದ್ದು ಮಾತ್ರ ಇರುವುದಿಲ್ಲ. ಹಟ್ಟಿಯ ಕಡೆಗೆ ನಡೆದ ತಂದೆಯ ಮೌನಕ್ಕೆ ಇದೇ ಅರ್ಥ. ಅವರು ಮಣ್ಣಿಗಿಂತ ಹೆಚ್ಚಾಗಿ, ತಾವು ಬೇಕಾದವರಾಗಿ ಬದುಕುವುದನ್ನು ಕಳೆದುಕೊಳ್ಳಲು ಅಂಜುತ್ತಾರೆ.

ಹಾಗೆಂದು ಹಳ್ಳಿಯನ್ನು ಸ್ವರ್ಗವೆಂದು ಬಣ್ಣಿಸಿದರೆ ಅದು ಸತ್ಯಕ್ಕೆ ದೂರ. 1909ರಲ್ಲಿ 'ಹಿಂದ್ ಸ್ವರಾಜ್' ಬರೆದ ಗಾಂಧೀಜಿಯವರು ಮುಂದೆ ಗ್ರಾಮಸ್ವರಾಜ್ಯವನ್ನೇ ಭಾರತದ ಬಾಳಿನ ತಳಹದಿಯೆಂದು ಬೋಧಿಸಿದರು. 1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ ಡಾ. ಅಂಬೇಡ್ಕರ್ ಅವರು ಅದಕ್ಕೆ ತೀರ ವಿರುದ್ಧವಾಗಿ, ಹಳ್ಳಿಯು ಸಂಕುಚಿತತೆಯ, ಅಜ್ಞಾನದ ಹಾಗೂ ಕೋಮುವಾದದ ಬೀಡಾಗಿದೆಯೆಂದು ಕಟುವಾಗಿ ನುಡಿದರು. ಬಾವಿಯ ಬಳಿ ದೂರ ನಿಲ್ಲಬೇಕಾಗಿ ಬಂದವರಿಗೆ, ಇನ್ನೊಬ್ಬರ ಹೊಲದಲ್ಲಿ ಜೀತ ಮಾಡಿದವರಿಗೆ ಹಳ್ಳಿಯ ನೆರಳು ತಂಪಾಗಿರಲಿಲ್ಲ. ಕುಲವನ್ನು ಕೇಳದೆ ಕೂಲಿ ಕೊಟ್ಟದ್ದು ಪಟ್ಟಣವೇ. ಇಂದಿಗೂ ರಾತ್ರಿಯಲ್ಲಿ ಎದೆನೋವು ಬಂದರೆ ವೈದ್ಯರೆಲ್ಲಿ, ಹತ್ತನೆಯ ತರಗತಿ ಮುಗಿಸಿದ ಹೆಣ್ಣುಮಗಳಿಗೆ ಕಾಲೇಜಿನ ಬಸ್ಸೆಲ್ಲಿ ಎಂದು ಕೇಳಿದರೆ ಅನೇಕ ಹಳ್ಳಿಗಳು ನಿರುತ್ತರವಾಗುತ್ತವೆ.

ಪಟ್ಟಣದ ಋಣ

ನಗರವು ನಮ್ಮ ಮನೆಗಳಿಗೆ ಮಾಡಿದ ಉಪಕಾರವನ್ನೂ ಮರೆಯಲಾಗದು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಐ.ಟಿ.ಐ., 1950ರ ದಶಕದಲ್ಲಿ ಎಚ್.ಎಂ.ಟಿ. ಹಾಗೂ ಬಿ.ಇ.ಎಲ್. ಬೆಂಗಳೂರಿನಲ್ಲಿ ನೆಲೆಯೂರಿದಾಗ, ನೇಗಿಲು ಹಿಡಿದವರ ಮಕ್ಕಳು ಸಮವಸ್ತ್ರ ತೊಟ್ಟು ಪಾಳಿಯ ಬಸ್ಸು ಹತ್ತಿದರು. ಆ ಸಂಬಳದಿಂದ ಊರಿನ ಸಾಲ ತೀರಿತು, ತಂಗಿಯರ ಮದುವೆಯಾಯಿತು, ಮಕ್ಕಳು ಓದಿದರು. ಅದರ ಜೊತೆಗೇ ನಗರದ ಆಸರೆಯೂ ಶಾಶ್ವತವಲ್ಲವೆಂಬ ಪಾಠವನ್ನು ಕಾಲವೇ ಕಲಿಸಿತು. ಮನೆಮನೆಯ ಕೈಗಡಿಯಾರವಾಗಿದ್ದ ಎಚ್.ಎಂ.ಟಿ.ಯ ಗಡಿಯಾರ ವಿಭಾಗವು 2016ರಲ್ಲಿ ಮುಚ್ಚಿಹೋಯಿತು.

ಜನರ ಹರಿವು ಮಾತ್ರ ನಿಂತಿಲ್ಲ. 2001ರ ಜನಗಣತಿಯಲ್ಲಿ ಕರ್ನಾಟಕದ ಜನರಲ್ಲಿ ಸುಮಾರು ಶೇ. 34ರಷ್ಟು ಮಂದಿ ಪಟ್ಟಣವಾಸಿಗಳಾಗಿದ್ದರೆ, 2011ರಲ್ಲಿ ಆ ಪ್ರಮಾಣ ಶೇ. 38.67ಕ್ಕೆ ಏರಿತು. ಅದರ ಮೇಲೆ, ಈಗ ಜನರು ನಗರಕ್ಕೆ ಹೋಗುವುದು ಮಾತ್ರವಲ್ಲ, ನಗರವೇ ಜನರ ಬಳಿಗೆ ಬರುತ್ತಿದೆ. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳುವ ದಾರಿ ಸುಗಮವಾಯಿತು. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಗೆ 2025ರಲ್ಲಿ 'ಬೆಂಗಳೂರು ದಕ್ಷಿಣ' ಎಂಬ ಹೆಸರು ಬಂದಿತು. ಮಾಗಡಿಯ ತಿಪ್ಪಸಂದ್ರವು ಒಂದು ಅಂಗುಲವೂ ಕದಲದೆ ಬೆಂಗಳೂರಿನ ಹೆಸರಿನೊಳಗೆ ಸೇರಿಕೊಂಡಿತು.

ಒಂದೇ ಹೊಳೆಯ ನೀರು

ಹಳ್ಳಿ ಬೇರೆ, ನಗರ ಬೇರೆ ಎಂದು ನಾವು ಬಗೆಯುತ್ತೇವೆ. ಹಾಗಲ್ಲವೆಂಬುದನ್ನು ಈ ಸೀಮೆಯ ಅರ್ಕಾವತಿ ನದಿಯೇ ತೋರಿಸಿಕೊಡುತ್ತದೆ. ನಂದಿಬೆಟ್ಟದಲ್ಲಿ ಹುಟ್ಟಿ ಬರುವ ಅರ್ಕಾವತಿಗೆ ಕುಮುದ್ವತಿ ಸೇರುವಲ್ಲಿ, ಮಾಗಡಿ ಸೀಮೆಯ ತಿಪ್ಪಗೊಂಡನಹಳ್ಳಿಯಲ್ಲಿ, 1933ರಲ್ಲಿ ಅಣೆಕಟ್ಟೊಂದು ನಿರ್ಮಾಣವಾಗಿ ದಶಕಗಳ ಕಾಲ ಬೆಂಗಳೂರಿನ ಬಾಯಾರಿಕೆಯನ್ನು ತಣಿಸಿತು. ಮುಂದೆ ನಗರ ಬೆಳೆದಂತೆ ಹೊಳೆಗೆ ನೀರು ತರುವ ಹಳ್ಳಕೊಳ್ಳಗಳು ಬತ್ತಿದವು, ಬಂದ ನೀರೂ ಕೆಟ್ಟಿತು. ಆ ಜಲಾಶಯವನ್ನು ನೆಚ್ಚುವಂತಿಲ್ಲವಾಯಿತು. ಇತ್ತ ನಗರದ ಕೊಳಚೆಯನ್ನು ಹೊತ್ತ ವೃಷಭಾವತಿಯು ಬಿಡದಿ ಬಳಿಯ ಬೈರಮಂಗಲದ ಕೆರೆಯನ್ನು ನೊರೆಯಿಂದ ತುಂಬಿಸಿ, ಮುಂದೆ ಹರಿದು ಅದೇ ಅರ್ಕಾವತಿಯನ್ನು ಸೇರುತ್ತದೆ. ಆ ನೀರು ಕನಕಪುರವನ್ನು ದಾಟಿ ಹಾರೋಬೆಲೆಯ ಜಲಾಶಯಕ್ಕೆ ಬಂದು ನಿಲ್ಲುತ್ತದೆ. ಹಾರೋಬೆಲೆಯೆಂದರೆ ನಮ್ಮ ಓದುಗರಿಗೆ ಪರಿಚಯ ಹೇಳಬೇಕಾಗಿಲ್ಲ. ಅನೇಕ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಶ್ರೀಸಭೆಗೆ ಅರ್ಪಿಸಿದ ಕಥೋಲಿಕ ಊರು ಅದು. ಮೇಲಿನ ಹಳ್ಳಿಯಿಂದ ಕುಡಿಯುವ ನೀರನ್ನು ಪಡೆದ ನಗರವು ಕೆಳಗಿನ ಹಳ್ಳಿಗೆ ಹಿಂದಿರುಗಿಸಿದ್ದು ಕೊಳಚೆಯನ್ನು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಮಹಡಿಮನೆಯವರು ಟ್ಯಾಂಕರಿನ ಹಾದಿ ಕಾದಾಗ, ಹಳ್ಳಿಯ ನಷ್ಟವು ನಗರದ ಲಾಭವಾಗಿ ಬಹುಕಾಲ ಉಳಿಯದೆಂಬುದು ಎಲ್ಲರಿಗೂ ಮನವರಿಕೆಯಾಗಬೇಕಿತ್ತು.

ಆದಕಾರಣ, ಯಾವುದು ಲೇಸು ಎಂಬ ಪ್ರಶ್ನೆಗಿಂತ ಮುಖ್ಯವಾದ ಪ್ರಶ್ನೆಯೊಂದಿದೆ: ಹಳ್ಳಿಯಲ್ಲಿ ಇರಬಯಸುವವನು ಅಲ್ಲಿ ಮರ್ಯಾದೆಯಿಂದ ಇರಬಲ್ಲನೇ? ಬೇರೆ ದಾರಿಯಿಲ್ಲದೆ ಹಳ್ಳಿಯಲ್ಲಿ ಉಳಿದವನದು ಆಯ್ಕೆಯಲ್ಲ, ಸೆರೆ. ಬೇರೆ ದಾರಿಯಿಲ್ಲದೆ ಹಳ್ಳಿಯನ್ನು ಬಿಟ್ಟವನದೂ ಆಯ್ಕೆಯಲ್ಲ, ಗಡೀಪಾರು.

ಬೇಸಾಯಗಾರರ ಮನೆಯಲ್ಲಿ ಹುಟ್ಟಿ ಬೆಳೆದ ಜಗದ್ಗುರು ಸಂತ ಇಪ್ಪತ್ತಮೂರನೆಯ ಜಾನ್ ಅವರು ಇದನ್ನು ಬಲ್ಲವರಾಗಿದ್ದರು. 1961ರ ಮೇ 15ರ ದಿನಾಂಕವನ್ನು ಹೊತ್ತ ತಮ್ಮ 'ಮಾತೆರ್ ಎತ್ ಮಜಿಸ್ತ್ರಾ' ಪರಿಪತ್ರದಲ್ಲಿ ಅವರು, ಜನರು ಹೊಲಗಳನ್ನು ತೊರೆದು ನಗರಗಳಿಗೆ ಹೋಗುತ್ತಿರುವುದನ್ನು ದೀರ್ಘವಾಗಿ ಚರ್ಚಿಸಿದರು. ಹೋಗುವವರನ್ನು ಅವರು ಗದರಿಸಲಿಲ್ಲ. ರಸ್ತೆ, ಸಾರಿಗೆ, ಕುಡಿಯುವ ನೀರು, ವಸತಿ, ಆರೋಗ್ಯ, ಶಿಕ್ಷಣ ಇವೆಲ್ಲ ಗ್ರಾಮಸ್ಥರಿಗೂ ಸಲ್ಲಬೇಕೆಂದು, ರೈತನು ತನ್ನನ್ನು ಕೀಳೆಂದು ಭಾವಿಸುವಂತೆ ಆಗಬಾರದೆಂದು ವಾದಿಸಿದರು. ಅರವತ್ತು ವರ್ಷಗಳ ಬಳಿಕವೂ ಆ ಪಟ್ಟಿಯನ್ನು ಹಿಡಿದು ನಮ್ಮ ಯಾವ ಹೋಬಳಿಗೆ ಹೋದರೂ ಕೆಲವನ್ನಾದರೂ ಬಾಕಿ ಎಂದೇ ಗುರುತು ಹಾಕಬೇಕಾಗುತ್ತದೆ.

ನಮ್ಮಿಂದ ಆಗುವುದೇನು?

ಸರ್ಕಾರವು ಮಾಡಬೇಕಾದದ್ದು ಬಹಳಷ್ಟಿದೆ, ನಿಜ. ಆದರೆ ಮನೆಯೊಳಗೇ ನಿರ್ಧಾರವಾಗುವ ಸಂಗತಿಗಳೂ ಕೆಲವಿವೆ. ಹೊಲ ಮಾರುವ ಮಾತು ಬಂದಾಗ ತಂದೆತಾಯಿಯರನ್ನು ಕೊನೆಗೆ ರುಜು ಹಾಕಿಸಲು ಮಾತ್ರ ಕರೆಯದೆ, ಮೊದಲ ದಿನವೇ ಕೂರಿಸಿಕೊಂಡು ಕೇಳೋಣ. ಮಗಳ ಓದಿಗಾಗಿ, ತಾಯಿಯ ಚಿಕಿತ್ಸೆಗಾಗಿ ಮಾರುವುದು ಒಂದು. ಕಾರು ಕೊಳ್ಳಲೆಂದು ಮಾರುವುದು ಇನ್ನೊಂದು. ಮಾರಲೇಬೇಕಾಗಿ ಬಂದರೂ ಮನೆಯನ್ನೂ ಅದರ ಹಿಂದಿನ ಹತ್ತು ಗುಂಟೆಯನ್ನೂ ಉಳಿಸಿಕೊಳ್ಳಲಾದೀತೇ ಎಂದು ಯೋಚಿಸೋಣ. ಪಟ್ಟಣದಲ್ಲಿ ಕೆಲಸ ಕಳೆದುಕೊಂಡವನಿಗೆ ಹಿಂದಿರುಗಲು ಒಂದು ಬಾಗಿಲಿರಬೇಕು. ಊರಿನಲ್ಲೇ ಉಳಿದು ಹುಳು ಮೇಯಿಸುವ, ಹಸು ಸಾಕುವ ತರುಣನಿಗೆ ಹೆಣ್ಣು ಕೊಡಲು ನಾವು ಹಿಂಜರಿಯುತ್ತಿದ್ದೇವೆ; ಅವನ ದುಡಿಮೆಯನ್ನು ನೋಡದೆ ವಿಳಾಸವನ್ನು ಮಾತ್ರ ನೋಡುವ ಈ ಚಾಳಿಯನ್ನು ಬಿಡದ ಹೊರತು ಹಳ್ಳಿಯನ್ನು ಹೊಗಳುವ ಹಕ್ಕು ನಮಗಿಲ್ಲ.

ಹಾರೋಬೆಲೆಯಲ್ಲಿ ತಲೆಮಾರುಗಳಿಂದ ನಡೆದು ಬಂದಿರುವ ಕ್ರಿಸ್ತನ ಪಾಡಿನ ನಾಟಕವನ್ನು ಇಲ್ಲಿ ನೆನೆಯಬೇಕು. ಹೊಲದಲ್ಲಿ ದುಡಿಯುವವರೇ ಅಲ್ಲಿ ರಂಗವೇರುತ್ತಾರೆ. ದೊಡ್ಡ ನಗರದಲ್ಲಿ ಬಹುಮಂದಿ ಬರಿಯ ಪ್ರೇಕ್ಷಕರು. ಚಿಕ್ಕ ಊರಿನಲ್ಲಿ ಎಲ್ಲರಿಗೂ ಒಂದು ಪಾತ್ರವುಂಟು. ಹಳ್ಳಿಯಿಂದ ನಗರವು ಕಲಿಯಬಹುದಾದದ್ದು ಇದನ್ನೇ. ಮೂರನೆಯ ಮಹಡಿಯ ಮುದುಕರಿಗೂ ಒಂದು ಕೆಲಸ, ನೆರೆಮನೆಯವರ ಸಾವಿಗೂ ಒಂದು ಗಳಿಗೆ ಒಲೆ ಆರಿಸುವ ಮನಸ್ಸು, ಧರ್ಮಕೇಂದ್ರದಲ್ಲಿ ಹೊಸಬರ ಹೆಸರು ಕೇಳುವ ಸೌಜನ್ಯ ಇವಿದ್ದರೆ ನಗರದ ಬೀದಿಯೂ ಊರಾಗಬಲ್ಲದು.

ಆ ಪರಿಪತ್ರವು ಹೊತ್ತ ಮೇ 15ನೇ ದಿನಾಂಕವು ರೈತರ ಪಾಲಕರಾದ ಸಂತ ಇಸಿದೋರರ ಹಬ್ಬವೂ ಹೌದು. ಅವರು ಅನ್ಯರ ಹೊಲ ಉತ್ತ ಕೂಲಿಯಾಳು. 1622ರ ಮಾರ್ಚ್ 12ರಂದು ಸಂತ ಇಗ್ನಾಸಿಯವರು, ಸಂತ ಫ್ರಾನ್ಸಿಸ್ ಕ್ಸೇವಿಯರರು, ಆವಿಲಾದ ಸಂತ ತೆರೇಸಮ್ಮನವರು ಮುಂತಾದವರ ಜೊತೆಯಲ್ಲೇ ಅವರಿಗೂ ಸಂತಪದವಿ ದೊರೆಯಿತು. ಅವರನ್ನು ತನ್ನ ಪಾಲಕರೆಂದು ಕೊಂಡಾಡುತ್ತಿರುವುದು ಸ್ಪೇನ್ ದೇಶದ ರಾಜಧಾನಿಯಾದ ಮ್ಯಾಡ್ರಿಡ್ ಮಹಾನಗರ. ಒಂದು ರಾಜಧಾನಿಯು ನೇಗಿಲು ಹಿಡಿದವನ ಮುಂದೆ ತಲೆಬಾಗಬಲ್ಲುದಾದರೆ, ನಗರ ಸೇರಿದ ನಾವು ಹಟ್ಟಿಯ ಬಳಿ ನಿಂತಿರುವ ತಂದೆಯ ಮೌನವನ್ನು ಒಂದಿಷ್ಟು ತಾಳ್ಮೆಯಿಂದ ಆಲಿಸಲಾರೆವೇ?

ಮುಂದಿನ ಬಾರಿ ಊರಿಗೆ ಹೋದಾಗ ಸಂಜೆಯ ಬಸ್ಸಿಗೆ ಅವಸರಪಡುವುದು ಬೇಡ. ಒಂದು ರಾತ್ರಿ ಅಲ್ಲೇ ತಂಗಿ, ಬೆಳಿಗ್ಗೆ ಅಪ್ಪನೊಡನೆ ಹೊಲದ ಬದುವಿನವರೆಗೆ ನಡೆದು ಬರೋಣ. ಮಾರುವ ಮಾತಾಗಲಿ, ಉಳಿಸುವ ಮಾತಾಗಲಿ, ಅಲ್ಲಿಯೇ ಆಗಲಿ.